ಬೆಡ್‌ಶೀಟಿನ ಇನ್ನೊಂದು ತುದಿ

ಉದ್ದಕ್ಕನಿಗೆ ತನ್ನ ಕಾಯಿಲೆಯ ಹೆಸರು ಗೊತ್ತಿರಲಿಲ್ಲ.

ಸೊಂಟ ನೋವಿಗೆ ಹೆಸರಿತ್ತು. ಜ್ವರಕ್ಕೂ ಇತ್ತು. ಅವು ಬಂದರೆ ಲಾಂಡ್ರಿಯಲ್ಲಿ ರಜೆ ಸಿಗುತ್ತಿತ್ತು, ಯಾರಾದರೂ ಮುಲಾಮು ತಂದುಕೊಡುತ್ತಿದ್ದರು. ಆದರೆ ತಿಂಗಳುಗಟ್ಟಲೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಕೆಲಸದ ನಡುವೆ ಸುಮ್ಮಸುಮ್ಮನೆ ಕಣ್ಣು ತುಂಬುವುದು, ಇದಕ್ಕೆ ಏನನ್ನಬೇಕು? ಅವಳು ಸೊಂಟ ನೋವು ಎಂದೇ ಹೇಳುತ್ತಿದ್ದಳು.

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಅಲ್ಲಿ ಬೆಡ್‌ಶೀಟನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಇಬ್ಬರು ಎದುರುಬದುರು ನಿಂತು, ಮೂಲೆಗಳನ್ನು ಎಳೆದು ಹಿಡಿದು, ಕೊಡವಿ, ಒಬ್ಬರ ಕಡೆಗೆ ಇನ್ನೊಬ್ಬರು ನಡೆದು ಬಂದು ಮೂಲೆ ಕೂಡಿಸಬೇಕು. ಉದ್ದಕ್ಕನ ಜೋಡಿ ಕುಳ್ಳಿ. ಒಬ್ಬಳು ಬಾಗಿಲಷ್ಟು ಎತ್ತರ, ಇನ್ನೊಬ್ಬಳು ಅವಳ ಭುಜಕ್ಕೂ ಬರುವುದಿಲ್ಲ. "ನಿಮ್ಮದು ಬೆಡ್‌ಶೀಟಲ್ಲ ಕಣ್ರಮ್ಮ, ಜಾರುಬಂಡೆ" ಎಂದು ಮೇಸ್ತ್ರಿ ಗೇಲಿ ಮಾಡುತ್ತಿದ್ದ. ಆದರೂ ಅವರಷ್ಟು ಬೇಗ ಮಡಿಸುವ ಜೋಡಿ ಅಲ್ಲಿರಲಿಲ್ಲ.

ಈಗ ಮೂಲೆಗಳು ಕೂಡುತ್ತಿರಲಿಲ್ಲ. ಉದ್ದಕ್ಕ ಬಟ್ಟೆ ಹಿಡಿದು ನಿಂತಲ್ಲೇ ನಿಂತುಬಿಡುತ್ತಿದ್ದಳು.

"ತಲೆ ಮನೇಲಿ ಬಿಟ್ಟು ಬಂದ್ಯೇನಮ್ಮ?" ಮೇಸ್ತ್ರಿ ಕೂಗಿದ.

"ಸೊಂಟ ಹಿಡ್ಕೊಂಡಿದೆ ಅಣ್ಣ."

ಸೊಂಟ ತೋರಿಸಲು ಅವಳನ್ನು ಲಾಂಡ್ರಿಯ ನರ್ಸಮ್ಮನ ಬಳಿ ಕಳಿಸಿದರು. ನರ್ಸಮ್ಮ ಒತ್ತಿ ನೋಡಿದರು. ಆಮೇಲೆ ಬಾಗಿಲು ಹಾಕಿ ಎದುರಿಗೆ ಕೂತರು.

"ಸೊಂಟ ಚೆನ್ನಾಗಿದೆ. ನೀನು ಹೇಗಿದ್ದೀಯ? ನಿದ್ದೆ ಬರುತ್ತಾ?"

"ಇಲ್ಲ."

"ಬದುಕೋದೇ ಬೇಡ ಅನ್ಸುತ್ತಾ?"

ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಉದ್ದಕ್ಕ ಅತ್ತುಬಿಟ್ಟಳು. "ಒಂದೊಂದ್ಸಲ" ಎಂದಳು.

"ಇದಕ್ಕೆ ಖಿನ್ನತೆ ಅಂತಾರೆ. ಇದು ಕಾಯಿಲೆ. ನಿನ್ನ ಸೋಮಾರಿತನ ಅಲ್ಲ, ಹಣೆಬರಹನೂ ಅಲ್ಲ. ಇದಕ್ಕೆ ಡಾಕ್ಟರಿದ್ದಾರೆ, ಔಷಧಿ ಇದೆ. ನಾಳೆ ನಾನೇ ಜೊತೆಗೆ ಬರ್ತೀನಿ."

ಮಾತ್ರೆ ಶುರುವಾಯಿತು. ಮೆಲ್ಲಗೆ ನಿದ್ದೆಯೂ ಬರತೊಡಗಿತು. ಆದರೆ ಅವಳು ಮನೋರೋಗ ವಿಭಾಗದ ಮುಂದೆ ಕೂತಿದ್ದನ್ನು ಲಾಂಡ್ರಿಯ ವ್ಯಾನ್ ಡ್ರೈವರ್ ಒಂದು ದಿನ ನೋಡಿದ. ಬಟ್ಟೆಯ ಜೊತೆಗೆ ಸುದ್ದಿಯನ್ನೂ ತಂದು ಇಳಿಸಿದ.

ಲಾಂಡ್ರಿಯಲ್ಲಿ ಒಂದು ಪದ್ಧತಿ ಇದೆ. ಸೋಂಕಿನ ವಾರ್ಡಿನ ಬಟ್ಟೆ ಕೆಂಪು ಚೀಲದಲ್ಲಿ ಬರುತ್ತದೆ. ಅದನ್ನು ಯಾರೂ ಬರಿಗೈಯಲ್ಲಿ ಮುಟ್ಟುವುದಿಲ್ಲ, ಬೇರೆ ಯಂತ್ರಕ್ಕೆ ಹಾಕುತ್ತಾರೆ. ಮರುದಿನ ಉದ್ದಕ್ಕ ಒಳಗೆ ಬಂದಾಗ ಮೇಸ್ತ್ರಿಯೇ ಶುರು ಮಾಡಿದ.

"ಬಂತಪ್ಪ ಕೆಂಪು ಚೀಲ! ಕೈಗವಸು ಹಾಕ್ಕೊಳ್ರೋ!"

ಎಲ್ಲರೂ ನಕ್ಕರು. ಕುಳ್ಳಿ ನಗಲಿಲ್ಲ. ಆದರೆ ಬೆಡ್‌ಶೀಟಿನ ತುದಿಯನ್ನೂ ಹಿಡಿಯಲಿಲ್ಲ. "ನಂಗೆ ಸಣ್ಣ ಮಕ್ಕಳಿದ್ದಾವೆ ಅಕ್ಕ" ಎಂದು ಬೇರೆ ಮೇಜಿಗೆ ಹೋದಳು.

ಉದ್ದಕ್ಕ ಒಬ್ಬಳೇ ಮಡಿಸಿದಳು. ಒಂದು ತುದಿಯನ್ನು ಗದ್ದಕ್ಕೆ ಒತ್ತಿ ಹಿಡಿದಳು, ಇನ್ನೊಂದು ತುದಿ ನೆಲ ಗುಡಿಸಿತು. ಒಗೆದ ಬಟ್ಟೆ ಮತ್ತೆ ಒಗೆಯಲು ಹೋಯಿತು.

ಮನೆಯಲ್ಲಿ ಗಂಡ ಹೇಳಿದ: "ಮಾತ್ರೆ ನಿಲ್ಲಿಸು. ಹುಚ್ಚಿ ಅಂತ ಮುದ್ರೆ ಬಿದ್ರೆ ನಾಳೆ ತಲೆ ಎತ್ಕೊಂಡು ಓಡಾಡೋದು ಹೇಗೆ?"

ಅವಳು ನಿಲ್ಲಿಸಿದಳು. ಮತ್ತೆ ಹಾಸಿಗೆ ಹಿಡಿದಳು. ಕೆಲಸಕ್ಕೂ ಹೋಗಲಿಲ್ಲ.

ಅದು ಗೊತ್ತಾಗಿ ನರ್ಸಮ್ಮ ಟೀ ಹೊತ್ತಿಗೆ ಮಡಿಸುವ ಕೋಣೆಗೆ ಬಂದರು.

"ಕೆಂಪು ಚೀಲ ಅಂದಿದ್ದು ಯಾರು?"

"ಏನೋ ತಮಾಷೆಗೆ, ನರ್ಸಮ್ಮ" ಎಂದ ಮೇಸ್ತ್ರಿ.

"ಇಸ್ತ್ರಿ ಅಣ್ಣನ್ನ ಲೂಸು ಅಂತಿದ್ದಿದ್ದೂ ತಮಾಷೆಗೇ ಅಲ್ವಾ? ಎಲ್ಲಿದ್ದಾನೆ ಅವನು?"

ಇಸ್ತ್ರಿ ಯಂತ್ರ ನಡೆಸುತ್ತಿದ್ದ ಅವನು ಎರಡು ವರ್ಷದ ಹಿಂದೆ ಕೆಲಸದ ನಡುವೆಯೇ ಎದ್ದು ಹೋಗಿದ್ದ. ಮನೆಗೂ ಹೋಗಿರಲಿಲ್ಲ. ಇನ್ನೂ ಸಿಕ್ಕಿಲ್ಲ.

"ಅದು ಅಂಟಲ್ವಾ ನರ್ಸಮ್ಮ?" ಕುಳ್ಳಿ ಮೆಲ್ಲಗೆ ಕೇಳಿದಳು.

"ಯಾರಿಂದ್ಲೂ ಯಾರಿಗೂ ಅಂಟಲ್ಲ ಕಣೆ. ಸೊಂಟ ನೋವು ಅಂದಾಗ ಮುಲಾಮು ತಂದ್ರಿ. ನಿಜ ಗೊತ್ತಾದಾಗ ಕೈಗವಸು ತಂದ್ರಿ. ಇನ್ಮೇಲೆ ಇಲ್ಲಿ ನಿಜ ಯಾರು ಹೇಳ್ತಾರೆ?"

"ಮತ್ತೇನು ಅನ್ನಬೇಕು? ನಮಗೆ ದೊಡ್ಡ ಮಾತೆಲ್ಲ ಬರಲ್ಲ" ಎಂದಳು ಕುಳ್ಳಿ.

"ಹೇಗಿದ್ದೀಯ ಅನ್ನು. ಊಟ ಆಯ್ತಾ ಅನ್ನು. ಅವಳು ಮಾತಾಡಿದ್ರೆ ಬಾಯಿ ಮುಚ್ಕೊಂಡು ಕೇಳು. ಇದಕ್ಕೂ ಟ್ರೈನಿಂಗ್ ಕೊಡಬೇಕಾ?"

ಅವತ್ತು ಸಂಜೆ ಕುಳ್ಳಿ ಉದ್ದಕ್ಕನ ಮನೆಗೆ ಹೋದಳು.

"ಬಾ ಅಕ್ಕ. ನಿನ್ನ ಜಾಗಕ್ಕೆ ಬಂದೋಳು ನನಗಿಂತ ಕುಳ್ಳಿ. ಇಬ್ರೂ ಸೇರಿ ಬೆಡ್‌ಶೀಟಲ್ಲಿ ನೆಲ ಒರೆಸ್ತಿದ್ದೀವಿ."

ಉದ್ದಕ್ಕ ಬಹಳ ದಿನದ ಮೇಲೆ ನಕ್ಕಳು. ಕುಳ್ಳಿ ಅವಳ ಕೈ ಹಿಡಿದಳು. "ತಪ್ಪಾಯ್ತು ಅಕ್ಕ. ನಿದ್ದೆ ಬರ್ತಿದೆಯಾ?"

ಬಾಗಿಲಲ್ಲಿ ನಿಂತಿದ್ದ ಗಂಡ ನಡುವೆ ಬಾಯಿ ಹಾಕಿದ. "ಮಾತ್ರೆ ಬಿಡ್ಸಿದ್ದೀನಿ. ಸರಿಹೋಗ್ತಾಳೆ ಬಿಡಮ್ಮ."

"ಭಾವ, ನಿಮ್ಮ ಬಿಪಿ ಮಾತ್ರೆ ಬಿಟ್ಟಿದ್ದೀರಾ?"

"ಅದು ಬೇರೆ."

"ಏನು ಬೇರೆ? ಬಿಪಿಗೆ ನಾಚಿಕೆ ಇಲ್ಲ, ಇದಕ್ಕೆ ಇದೆ. ಅಷ್ಟೇ ತಾನೇ? ನಾಚಿಕೆ ನಮ್ದು, ನರಳೋದು ಅವಳು."

ಮರುದಿನ ಅವನೇ ಹೆಂಡತಿಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದ. ಕೇಳದೆ ಮಾತ್ರೆ ನಿಲ್ಲಿಸಬಾರದು ಎಂದು ಡಾಕ್ಟರು ಬೈದದ್ದೂ ಅವನಿಗೇ.

ಉದ್ದಕ್ಕ ಕೆಲಸಕ್ಕೆ ಮರಳಿದ ದಿನ ಮೇಸ್ತ್ರಿ ಎಲ್ಲರ ಮುಂದೆ ಹೇಳಿದ: "ಆ ಮಾತು ಅಂದಿದ್ದು ನಾನು. ಇನ್ನು ಯಾರೂ ಅನ್ನಲ್ಲ. ಆಸ್ಪತ್ರೆ ದಿನ ಆಸ್ಪತ್ರೆ ಅಂತಲೇ ಹೇಳಿ ಹೋಗಮ್ಮ. ಪಾಪ, ಸೊಂಟದ ಮೇಲೆ ಹಾಕ್ಬೇಡ."

ಅವಳು ಈಗಲೂ ಮಾತ್ರೆ ತೆಗೆದುಕೊಳ್ಳುತ್ತಾಳೆ. ಕೆಲವು ದಿನ ಮನಸ್ಸು ಭಾರವಾಗಿರುತ್ತದೆ. ಆಗ "ಇವತ್ತು ಸರಿ ಇಲ್ಲ ಕಣೆ" ಎನ್ನುತ್ತಾಳೆ. "ಆಯ್ತು, ನಿಧಾನಕ್ಕೆ ಮಡಿಸೋಣ" ಎಂದು ಕುಳ್ಳಿ ಎದುರಿನ ತುದಿ ಹಿಡಿಯುತ್ತಾಳೆ.

"ನರ್ಸಮ್ಮ ಆ ಪ್ರಶ್ನೆ ಕೇಳಿದ್ದಕ್ಕೆ ಉಳಿದೆ. ಇವಳು ಮನೆ ಬಾಗಿಲಿಗೆ ಬಂದಿದ್ದಕ್ಕೆ ಇನ್ನೊಂದ್ಸಲ ಉಳಿದೆ" ಎನ್ನುತ್ತಾಳೆ ಉದ್ದಕ್ಕ. "ಈ ಋಣ ನಾನು ಮರೆಯಲ್ಲ."

ಓದುತ್ತಿರುವವರೇ, ನಿಮ್ಮ ಪಕ್ಕದಲ್ಲಿ ಕೆಲಸ ಮಾಡುವವರೂ ಸೊಂಟ ನೋವು ಎನ್ನುತ್ತಿರಬಹುದು. ಹೇಗಿದ್ದೀರಿ ಎಂದು ಕೇಳಿ. ಉತ್ತರ ಬರುವವರೆಗೂ ನಿಲ್ಲಿ. ಬದುಕು ಬೇಡ ಎಂದರೆ ಅವರೊಬ್ಬರನ್ನೇ ಬಿಡಬೇಡಿ, ಜೊತೆಯಲ್ಲಿ ಆಸ್ಪತ್ರೆಗೆ ಹೋಗಿ. ಲೂಸು, ಹುಚ್ಚು, ಮೆಂಟಲ್ ಎಂಬ ತಮಾಷೆಯನ್ನು ಇವತ್ತೇ ನಿಲ್ಲಿಸಿ.

ಆ ತಮಾಷೆಯಿಂದ ಈ ಲಾಂಡ್ರಿ ಕಳೆದುಕೊಂಡದ್ದು ಇಷ್ಟು: ಉದ್ದಕ್ಕನ ಮೂರು ವಾರದ ಕೆಲಸ. ಇಸ್ತ್ರಿ ಅಣ್ಣ.