ಹಿಂದಿನ ಸೀಟಿನ ಎಡಬದಿ

ಅರವತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಅಲ್ಲಾಳಸಂದ್ರದ ಆಂಜಿನಪ್ಪನ ಹಳೆಯ ಕಾರು ನಡುದಾರಿಯಲ್ಲಿ ಕೈಕೊಡತೊಡಗಿತು. ಹೆಬ್ಬಾಳದ ಮೆಕ್ಯಾನಿಕ್ ರಹಮತುಲ್ಲಾ ಪ್ಲಗ್ಗು ಬದಲಿಸಿದ, ಬ್ಯಾಟರಿ ಬದಲಿಸಿದ. ಅವನೆದುರು ಅದು ಒಮ್ಮೆಯೂ ನಿಲ್ಲಲಿಲ್ಲ. ದಾರಿಯಲ್ಲಿ ನಿಂತಾಗ ಎಲ್ಲರೂ ಇಳಿದು ತಳ್ಳಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು.

ಆಂಜಿನಪ್ಪನ ಅಕ್ಕ ಮುನಿಕೃಷ್ಣಮ್ಮ ಹತ್ತಿದಾಗ ಮಾತ್ರ ಅದು ನಿಲ್ಲುತ್ತದೆಂದು ಮೊದಲು ಗಮನಿಸಿದವಳು ಅವನ ಹೆಂಡತಿ ಮುನಿಗಂಗಮ್ಮ. ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರು ಸೇರಿದವಳು. ಹೆಚ್ಚು ಹೇಳಬೇಕಾಗಿರಲಿಲ್ಲ, ಊರಿಗೇ ಅರ್ಥವಾಯಿತು. ಅಕ್ಕ ಕಾರು ಹತ್ತುವುದನ್ನೇ ಬಿಟ್ಟಳು.

ಆ ದಿನ ಹುಣಸಮಾರನಹಳ್ಳಿಯಿಂದ ಆಂಜಿನಪ್ಪನ ತುಂಬು ಬಸುರಿ ಮಗಳನ್ನು ಕರೆತರಬೇಕಿತ್ತು. ತನ್ನನ್ನು ಎತ್ತಿ ಬೆಳೆಸಿದ ಸೋದರತ್ತೆ ಬಂದರೇ ಹೊರಡುವೆನೆಂದು ಮಗಳು ಹೇಳಿಕಳಿಸಿದ್ದಳು. ಆಂಜಿನಪ್ಪನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಬಾನೆಟ್ ಎತ್ತುವನು, ಮುಚ್ಚುವನು, ಬಿಸಿಲು ನೋಡುವನು, ಮತ್ತೆ ಎತ್ತುವನು.

"ಅಕ್ಕ ಬರಾದು ಬ್ಯಾಡ. ಬಸುರೀನ ಕೂರಿಸ್ಕೊಂಡು ರೋಡಲ್ಲಿ ನಿಂತ್ರೆ ಏನ್ ಗತಿ?" ಎಂದಳು ಮುನಿಗಂಗಮ್ಮ.

ಅಕ್ಕ ಒಳಗಿನಿಂದ ಬಂದಳು. "ಆಂಜಿನಪ್ಪ, ಕೆಟ್ಟಿರಾದು ನಾನೋ ಕಾರೋ ಇವತ್ತು ನೋಡ್ಬಿಡಾಣ. ಕಾರು ನಿಂತಾಗೆಲ್ಲ ಆರ್ನೂ ಕೂಗಲ್ಲ. ಒತ್ತು ನೀನು."

ಆಂಜಿನಪ್ಪ ಒತ್ತಿ ಹಿಡಿದ. ಹಾರ್ನ್ ಕೂಗಿತು. ಅಕ್ಕ ಹಿಂದಿನ ಸೀಟಿನಲ್ಲಿ ತಾನು ಯಾವಾಗಲೂ ಕೂರುತ್ತಿದ್ದ ಎಡಬದಿಯಲ್ಲಿ ಕುಳಿತಳು. ಸದ್ದು ಅಡಗಿತು. ಮುನಿಗಂಗಮ್ಮ ಮುಖ ತಿರುಗಿಸಿದಳು. ಅಕ್ಕ ಇಳಿಯದೆ ಬಲಕ್ಕೆ ಸರಿದಳು. ಮತ್ತೆ ಕೂಗಿತು.

"ಗಂಗಮ್ಮ, ಎಡಕ್ಕೆ ಈಗ ನೀನ್ ಬಂದು ಕೂತ್ಕ."

ಮುನಿಗಂಗಮ್ಮ ಗಂಡನ ಮುಖ ನೋಡಿ, ಹಿಂಜರಿದು, ಕುಳಿತಳು. ಆಂಜಿನಪ್ಪ ಎಷ್ಟು ಒತ್ತಿದರೂ ಹಾರ್ನ್ ಕೂಗಲಿಲ್ಲ. ಅವಳು ಕೆಂಡ ತುಳಿದವಳಂತೆ ಎದ್ದಳು.

ಆಂಜಿನಪ್ಪ ಸೀಟು ಕಿತ್ತ. ಬ್ಯಾಟರಿ ಇದ್ದುದು ಅದರಡಿಯಲ್ಲೇ. ಅಲ್ಲಿಂದ ಮುಂದಕ್ಕೆ ಹೋಗುವ ವೈರು ಸೀಟಿನ ಕಬ್ಬಿಣದ ಚೌಕಟ್ಟಿಗೆ ಸಿಕ್ಕಿ ಜಜ್ಜಿಹೋಗಿತ್ತು. ಮೇಲಿನ ರಬ್ಬರು ನೆಟ್ಟಗಿದ್ದರೂ ಒಳಗಿನ ತಾಮ್ರದ ಎಳೆಗಳು ತುಂಡಾಗಿದ್ದವು. ಭಾರ ಬಿದ್ದರೆ ತುದಿಗಳು ಬೇರೆಯಾಗುತ್ತಿದ್ದವು, ತಳ್ಳಲು ಇಳಿದರೆ ಮತ್ತೆ ತಾಗುತ್ತಿದ್ದವು. ರಹಮತುಲ್ಲಾ ನೋಡಿದ್ದೆಲ್ಲ ಖಾಲಿ ಕಾರನ್ನೇ. ಆಂಜಿನಪ್ಪ ಅವಸರದಲ್ಲಿ ಬೆರಳು ಕುಯ್ದುಕೊಂಡು ವೈರು ಹೆಣೆದ, ಟೇಪು ಸುತ್ತಿ ಪಕ್ಕಕ್ಕೆ ಸರಿಸಿ ಕಟ್ಟಿದ.

ಮಗಳನ್ನು ಕೂರಿಸಿಕೊಂಡು ಬರುವಾಗ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ರೈಲು ಮುಗಿಯುವಂತೆಯೇ ಕಾಣಲಿಲ್ಲ. ಆಂಜಿನಪ್ಪ ಇಂಜಿನ್ ಆರಿಸದೆ ಸ್ಟೀರಿಂಗ್ ಹಿಡಿದು ಕೂತಿದ್ದ.

"ಯಾಕೆ ಎಲ್ರೂ ಇಂಗೆ ಸುಮ್ಕಿದೀರಿ?" ಎಂದಳು ಮಗಳು.

ಇಂಜಿನ್ ಗುರುಗುಡುತ್ತಲೇ ಇತ್ತು. ಗೇಟು ಎದ್ದಾಗ ಮುನಿಗಂಗಮ್ಮ ತಿರುಗಿ ನೋಡದೆಯೇ ಹೇಳಿದಳು: "ಅಕ್ಕ, ಮಗು ಉಟ್ಟಿದ್ಮ್ಯಾಲೆ ಮೊದ್ಲು ನೀವೇ ಎತ್ಕೋಬೇಕು."

ಮುನಿಕೃಷ್ಣಮ್ಮ ಕಿಟಕಿಯಾಚೆ ನೋಡುತ್ತಿದ್ದಳು. "ಮೊದ್ಲು ಮನೆ ಸೇರಾಣ" ಎಂದಳು.