ಬಿಳಿಯ ಮೇಲೆ ಬಿಳಿಯಾಗಿ ವಿಮಲಕ್ಕ

ಚೆನ್ನೈನ ವಡಪಳನಿ ಗುಡಿಯ ಹಿಂದಿನ ಬೀದಿಯಲ್ಲಿ ಸುಬ್ರಾಯರ ಹೋಟೆಲು ನೊಣ ಹೊಡೆಯುತ್ತಿತ್ತು. ಗೋಳಿಬಜೆ ಬೇಕೆಂದವರೆಲ್ಲ ಫೋನು ತೋರಿಸಿದ ಎದುರಿನ ಅಂಗಡಿಗೆ ನುಗ್ಗುತ್ತಿದ್ದರು. ಸುಬ್ರಾಯರ ವೆಬ್‌ಸೈಟು ಇದ್ದದ್ದು ಅಂತರ್ಜಾಲ ಹುಡುಕಾಟದ ನಾಲ್ಕನೇ ಪುಟದಲ್ಲಿ, ಅಂದರೆ ಸ್ಮಶಾನದಿಂದ ಇನ್ನೊಂದು ಗಲ್ಲಿ ಆಚೆಗೆ. ದೀಪಾವಳಿಯೊಳಗೆ ಮೇಲೇಳದಿದ್ದರೆ ಬಾಗಿಲು ಹಾಕುವುದೇ.

ಮಗಳು ಪ್ರಣಮ್ಯಾ ಕಂಪ್ಯೂಟರಿನ ಮುಂದೆ ಕೂತಳು. ಹಳೇ ಗಿರಾಕಿಗಳು ಇವತ್ತಿಗೂ ಟೈಪಿಸುವುದು 'ವಿಮಲಕ್ಕ ಗೋಳಿಬಜೆ ವಡಪಳನಿ' ಅಂತ. ವಿಮಲಾ ಅವಳ ಅಮ್ಮ; ತೀರಿಕೊಂಡು ವರ್ಷವಾಗಿತ್ತು. ಪ್ರಣಮ್ಯಾ ಆ ಹೆಸರನ್ನು ತಲೆಬರಹಕ್ಕೆ ಹಾಕಿದಳು, ಚಿತ್ರಗಳ ಅಡಿಗೆ ಹಾಕಿದಳು. ಸಾಲದ್ದಕ್ಕೆ ಬಿಳಿ ಪುಟದ ಮೇಲೆ ಬಿಳಿ ಅಕ್ಷರಗಳಲ್ಲಿ, ಹುಡುಕುವ ಯಂತ್ರಕ್ಕೆ ಮಾತ್ರ ಕಾಣುವಂತೆ, ಇಡಿಕಿರಿದು ತುಂಬಿದಳು. ವಿಮಲಕ್ಕ, ವಿಮಲಕ್ಕ, ವಿಮಲಕ್ಕ.

ವಾರದೊಳಗೆ ಹೋಟೆಲು ಮೇಲೆದ್ದಿತು. ಜತೆಗೆ ಇನ್ನೇನೋ ಎದ್ದಿತು.

"ದಾರಿ ತಪ್ಪಿತ್ತು ಸಾರ್," ಅಂದರು ಪಲ್ಲಾವರಂನಿಂದ ಬಂದ ಬ್ಯಾಂಕಿನ ಅಂದಾನಿ. "ಈಗಷ್ಟೇ ಇಲ್ಲಿಗೇ ಫೋನ್ ಮಾಡಿದೆ. ಒಬ್ರು ಅಕ್ಕ, 'ಬಿಸಿ ಉಂಟು, ಬೇಗ ಬನ್ನಿ ಮಾರಾಯ್ರೆ' ಅಂತ ದಾರಿ ಹೇಳಿ ಕರೆಸ್ಕೊಂಡ್ರು."

ಸುಬ್ರಾಯರು ಮಗಳತ್ತ ತಿರುಗಿದರು. "ಎಂತ ಮಾರಾಯ್ತಿ ನಿನ್ನ ಮಿಮಿಕ್ರಿ? ಹೋದವಳ ಸ್ವರದಲ್ಲಿ ವ್ಯಾಪಾರವಾ?"

"ಪ್ರಿನ್ಸಿಪಾಲರ ಸ್ವರವನ್ನೂ ಬಿಟ್ಟವಳಲ್ಲ ಅಪ್ಪಾ ನಾನು. ಆದ್ರೆ ಅಮ್ಮನ ಸ್ವರ ಮಾತ್ರ ನಂಗೆ ಬರುದಿಲ್ಲ. ಫೋನು ಗಲ್ಲಾದ ಮೇಲೆ ನಿಮ್ಮ ಕಣ್ಣೆದುರೇ ಉಂಟಲ್ಲ. ರಿಂಗಾಯ್ತಾ?"

ಆಗಿರಲಿಲ್ಲ. ಅಡುಗೆಮನೆಯಿಂದ ಪಟಪಟ ಹಿಟ್ಟು ಬಡಿಯುವ ಸದ್ದು ಬಂತು. ಅಲ್ಲಿ ಯಾರೂ ಇರಲಿಲ್ಲ.

ಸುಬ್ರಾಯರ ಮುಖ ಬಿಳಿಚಿತು. ಅವರ ಮನೆಯಲ್ಲಿ ಹೋದವರನ್ನು ಹೆಸರು ಹಿಡಿದು ಕರೆಯುವುದು ಮಳೆಗಾಲದ ಆಟಿ ತಿಂಗಳಲ್ಲಿ ಒಮ್ಮೆ, ಅದೂ ಬಾಳೆಲೆ ಹಾಕಿ ಬಡಿಸಿದ ಮೇಲೆ. ಬರಿದೇ ಕರೆದರೆ ಅವರು ಹಸಿದುಕೊಂಡೇ ನಿಲ್ಲುತ್ತಾರೆ.

"ಎಷ್ಟು ಸಲ ಕರೆದೆ ಮಗಾ?"

ಪ್ರಣಮ್ಯಾ ಮೌಸ್ ಎಳೆದು ಪುಟವನ್ನೆಲ್ಲ ಸೆಲೆಕ್ಟ್ ಮಾಡಿದಳು. ಅಡಗಿದ್ದ ಅಕ್ಷರಗಳು ನೀಲಿ ಬಣ್ಣದೊಳಗೆ ಒಮ್ಮೆಲೇ ತೇಲಿಬಂದವು. ಪರದೆಯ ತುಂಬ ಅಮ್ಮ.

"ಅಳಿಸ್ಲಾ?" ಅಂದಳು. ಅಳಿಸಿದರೆ ಹೋಟೆಲು ಮತ್ತೆ ಹೂತುಹೋಗುತ್ತದೆ, ಇಬ್ಬರಿಗೂ ಗೊತ್ತು.

"ಅಳಿಸು. ಆದ್ರೆ ಮೊದಲು ಎಲೆ ಹಾಕು. ಕರೆದವರನ್ನು ಬರಿ ಹೊಟ್ಟೆಯಲ್ಲಿ ಕಳಿಸುದಾ?"

ಅಡುಗೆಮನೆಯಲ್ಲೇ ಎಲೆ ಹಾಕಿದರು. ಅನ್ನ, ಸಾರು, ಬಿಸಿ ಗೋಳಿಬಜೆ ಬಡಿಸಿ, ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಒಳಗಿನ ಸದ್ದು ನಿಂತಿತು. ಪ್ರಣಮ್ಯಾ ಅಳಿಸುವ ಕೀಲಿಯ ಮೇಲೆ ಬೆರಳಿಟ್ಟು ಕಾದಳು. ಕೊನೆಗೆ ಸುಬ್ರಾಯರು ಬಾಗಿಲು ಸರಿಸಿ ಇಣುಕಿದರು.

ಬಜೆ ಅರ್ಧ ಖಾಲಿ. ಎಲೆ ಮಡಚಿರಲಿಲ್ಲ.

"ಇನ್ನೂ ಎದ್ದಿಲ್ಲ," ಅಂದರು ಸುಬ್ರಾಯರು. ಸ್ವರದಲ್ಲಿದ್ದದ್ದು ಹೆದರಿಕೆಯೋ ಆಸೆಯೋ ತಿಳಿಯಲಿಲ್ಲ. "ಉಣ್ಣುವವರನ್ನು ನಡುವೆ ಎಬ್ಬಿಸಬಾರದು. ಕೈ ತೆಗಿ ಮಗಾ."

ಪ್ರಣಮ್ಯಾ ಕೀಲಿಯಿಂದ ಬೆರಳು ತೆಗೆದಳು.