ಬಲಗಡೆಯ ನಾಲ್ಕು ಚಕ್ರ

ಅಪ್ಪ ಹೋದ ಮೇಲೆ ನಾನೂ ನಮ್ಮಣ್ಣನೂ ಮನೆ ಹಂಚಿಕೊಂಡೆವು, ಪಾತ್ರೆ ಹಂಚಿಕೊಂಡೆವು, ಅಪ್ಪನ ಕೈಗಡಿಯಾರಗಳನ್ನೂ ಹಂಚಿಕೊಂಡೆವು. ಒಂದು ಮಾತೂ ಹೆಚ್ಚುಕಡಿಮೆ ಆಗಲಿಲ್ಲ. ಅವನು ಮಹಡಿ ಮೇಲೆ, ನಾನು ಕೆಳಗೆ. ಹಂಚಲಾಗದೆ ಉಳಿದದ್ದು ಒಂದೇ, ಶೆಡ್ಡಿನಲ್ಲಿದ್ದ ಅಪ್ಪನ ಹಳೆಯ ಇಂಗ್ಲಿಷ್ ಕಾರು. ಕಡು ಹಸಿರು ಬಣ್ಣ, ಉದ್ದ ಮೂತಿ, ಸೈಕಲ್ಲಿಗೆ ಇರುವಂತೆ ತೆಳು ಕಡ್ಡಿಗಳನ್ನು ಹೆಣೆದ ನಾಲ್ಕು ಚಕ್ರ. ಆ ಚಕ್ರಗಳಿಗೆ ಎಲ್ಲ ಕಾರುಗಳ ಹಾಗೆ ನಾಲ್ಕೈದು ಬೋಲ್ಟು ಇರುವುದಿಲ್ಲ. ನಡುವೆ ಎರಡು ಕಿವಿಗಳಿರುವ ಒಂದೇ ಒಂದು ದೊಡ್ಡ ನಟ್ಟು. ಸೀಸದ ಸುತ್ತಿಗೆಯಿಂದ ಕಿವಿಗೆ ಒಂದು ಕಡೆಯಿಂದ ಹೊಡೆದರೆ ಬಿಗಿಯುತ್ತದೆ, ಇನ್ನೊಂದು ಕಡೆಯಿಂದ ಹೊಡೆದರೆ ಬಿಚ್ಚುತ್ತದೆ. ಅಪ್ಪ ಅದನ್ನು "ಕಿವಿ ಹಿಂಡೋ ಕೆಲಸ" ಎನ್ನುತ್ತಿದ್ದ.

ಕಾರು ಯಾರಿಗೆ ಎಂದು ನಾವಿಬ್ಬರೂ ಶೆಡ್ಡಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದಾಗ ಅಮ್ಮ ಬಂದಳು. ಕಾರಿನ ಮೂತಿಯ ಎದುರಿಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. "ಎಡಗಡೆ ಅರ್ಧ ದೊಡ್ಡೋನಿಗೆ, ಬಲಗಡೆ ಅರ್ಧ ಚಿಕ್ಕೋನಿಗೆ. ಗರಗಸ ತಂದು ಕೊಯ್ಕೊಳ್ಳಿ," ಎಂದು ಹೇಳಿ ಒಳಗೆ ಹೋದಳು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ನಾವು ಯೋಚನೆಗೆ ಬಿದ್ದೆವು. ಯಾರ ಎಡ?

ನಾನು ಕನ್ನಡಕದ ಅಂಗಡಿಯವನು. ಎದುರಿಗೆ ಕೂತವರ ಎಡಗಣ್ಣು ನನ್ನ ಬಲಗೈ ಕಡೆಗಿದ್ದರೂ ಅದು ಎಡಗಣ್ಣೇ. ಕಾರಿಗೂ ಅದೇ ನ್ಯಾಯ, ಕಾರಿನ ಎಡ ಎಂದರೆ ಕಾರಿನದೇ ಎಡ. ಹಾಗಾಗಿ ಸ್ಟೀರಿಂಗ್ ಇರುವ ಬಲಗಡೆ ನನ್ನದು. ನಮ್ಮಣ್ಣ ಡ್ರಾಯಿಂಗ್ ಮೇಷ್ಟ್ರು. ಚಿತ್ರದ ಎಡ ಎಂದರೆ ನೋಡುವವರ ಎಡ ಎಂಬುದು ಅವನ ವಾದ. ಅಮ್ಮ ಎದುರಿಗೆ ನಿಂತಿದ್ದಳು, ಸ್ಟೀರಿಂಗ್ ಅವಳ ಎಡಗೈ ಕಡೆ ಇತ್ತು, ಆದ್ದರಿಂದ ಅದು ಅವನದು. ಸೀಮೆಸುಣ್ಣ ಹಿಡಿದು ಶೆಡ್ಡಿನ ಗೋಡೆಯ ಮೇಲೆ ಬರೆದೂ ತೋರಿಸಿದ. ನಾನು ಅಂಗೈಯಲ್ಲಿ ಒರೆಸಿಬಿಟ್ಟೆ. "ಟ್ಯೂಬ್‌ಲೈಟ್," ಎಂದ. ಚಿಕ್ಕಂದಿನಿಂದ ಅವನು ನನ್ನನ್ನು ಕರೆಯುವುದೇ ಹಾಗೆ. ಏನು ಹೇಳಿದರೂ ನನಗೆ ನಾಲ್ಕು ಸಲ ಮಿಣುಕಿದ ಮೇಲೆ ಹೊತ್ತಿಕೊಳ್ಳುತ್ತದಂತೆ. ನಾನೇನು ಕಡಿಮೆ, "ಎಡಬಿಡಂಗಿ" ಎಂದೆ. ಅಲ್ಲಿಗೆ ನಮ್ಮ ಮಾತು ನಿಂತಿತು. ಆರೇಳು ವರ್ಷ ಮಾತೂ ನಿಂತಿತ್ತು, ಕಾರೂ ನಿಂತಿತ್ತು.

ಅಮ್ಮನನ್ನೇ ಕೇಳಬಹುದಿತ್ತಲ್ಲ ಎಂದು ನೀವು ಹೇಳಬಹುದು. ಕೇಳಿದೆವು, ಬೇರೆಬೇರೆಯಾಗಿ. "ಇನ್ನೂ ಕೊಯ್ದಿಲ್ವಾ?" ಎಂದಷ್ಟೇ ಹೇಳಿ ಅವಳು ತನ್ನ ಕೆಲಸಕ್ಕೆ ಹೋಗುತ್ತಿದ್ದಳು.

ಮಹಡಿಗೂ ಕೆಳಗೂ ಸುದ್ದಿ ಹೊರುವ ಕೆಲಸ ಅವಳ ತಲೆಗೆ ಬಂತು. ನೀರಿನ ಮೋಟರು ಯಾರು ಹಾಕಬೇಕು, ಗೇಟಿನ ಬೀಗ ಯಾರ ಹತ್ತಿರ ಇದೆ, ಮೇಲಿನ ಬಚ್ಚಲ ನೀರು ಕೆಳಗಿನ ಗೋಡೆಗೆ ಯಾಕೆ ಇಳಿಯುತ್ತಿದೆ, ಎಲ್ಲವೂ ಅವಳ ಬಾಯಿಂದಲೇ. ಒಂದು ದಿನ ಮೆಟ್ಟಿಲ ನಡುವೆ ನಿಂತು, ಮೇಲಿನವರಿಗೂ ಕೆಳಗಿನವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು:

"ಹತ್ತಿ ಇಳಿದು ನನ್ನ ಮಂಡಿ ಸವೆದುಹೋಯ್ತು. ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ? ಮುಂದಿನ ತಿಂಗಳು ಮಗಳ ಮನೆಗೆ ಹೊರಡ್ತೀನಿ. ನಿಮ್ಮಪ್ಪನ ಕಾರಲ್ಲಿ ನೀವಿಬ್ಬರೂ ಜೊತೇಲಿ ಕರ್ಕೊಂಡು ಹೋದ್ರೆ ಸರಿ. ಇಲ್ಲ ಅಂದ್ರೆ ಟ್ಯಾಕ್ಸಿ ಹಿಡೀತೀನಿ. ಟ್ಯಾಕ್ಸೀಲಿ ಹೋದ್ರೆ ಮತ್ತೆ ವಾಪಸ್ ಬರಲ್ಲ, ತಿಳ್ಕೊಳ್ಳಿ."

ಅಮ್ಮ ರೇಗುವುದು ಅಪರೂಪ, ರೇಗಿ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡದ್ದು ಇಲ್ಲವೇ ಇಲ್ಲ. ಅವಳಿಲ್ಲದ ಮನೆಯಲ್ಲಿ ಮೇಲೊಬ್ಬ ಕೆಳಗೊಬ್ಬ ಮೂಗರ ಹಾಗೆ ಮುದುಕರಾಗುವುದನ್ನು ನೆನೆಸಿಕೊಂಡು ನನಗೆ ನಿಜವಾಗಿಯೂ ಭಯವಾಯಿತು.

ಗ್ಯಾರೇಜಿನವನನ್ನು ಕರೆಸಿದೆವು. ಯಾವಾಗ ನೋಡಿದರೂ ಯಾರದೋ ಮೇಲೆ ಸಿಟ್ಟಾಗಿರುವ ಮನುಷ್ಯ. ಬ್ಯಾಟರಿ ಬದಲಿಸಿ, ಪೆಟ್ರೋಲಿನ ಪೈಪು ಊದಿ, ಕಾರಿಗೆ ಜೀವ ಬರಿಸಿದ. ಆಮೇಲೆ ಕೂತು ಚಕ್ರದ ಕಡ್ಡಿಗಳನ್ನು ಬೆರಳಿನಿಂದ ಮೀಟಿದ. ಟಿಂಗ್ ಎನ್ನಬೇಕಾದ ಕಡ್ಡಿಗಳು ಡಬ್ ಎಂದವು, ಎರಡು ಮುರಿದು ಕೈಗೇ ಬಂದವು. ಟೈರುಗಳು ಬಿರುಕುಬಿಟ್ಟ ಹಿಮ್ಮಡಿಯಂತಿದ್ದವು. "ಇಂಜಿನ್ ಗಟ್ಟಿಮುಟ್ಟಾಗಿದೆ. ಕಾಲೇ ಇಲ್ಲ," ಎಂದ. ಚಕ್ರ ಕೂರುವ ಹಬ್‌ನ ಹಲ್ಲುಗಳು ಸವೆದಿದ್ದರೆ ಹೊಸ ಚಕ್ರ ಹಾಕಿಯೂ ಪ್ರಯೋಜನವಿರಲಿಲ್ಲ. ಅದೃಷ್ಟಕ್ಕೆ ನಾಲ್ಕರ ಹಲ್ಲೂ ಸರಿಯಾಗಿದ್ದವು.

ಸಂಜೆ ಅಮ್ಮ ಕೊನೆಯ ಸಲ ಎಂಬಂತೆ ಮೆಟ್ಟಿಲಿಳಿದು ಬಂದಳು. "ನಿಮ್ಮಣ್ಣ ಹೇಳ್ದ. ಅವನ ಕಡೆ ಎರಡು ಚಕ್ರ ಅವನು ತರ್ತಾನಂತೆ. ನಿನ್ನ ಕಡೆ ಎರಡು ನೀನು ತರ್ಬೇಕಂತೆ."

"ಆಗ್ಲಿ ಅಂತ ಹೇಳು," ಎಂದೆ. ಅಷ್ಟು ಸಲೀಸಾಗಿ ಒಪ್ಪಿಕೊಂಡನಲ್ಲ, ಎಡಗಡೆ ತನ್ನದೆಂದು ಕೊನೆಗೂ ತಲೆಗೆ ಹೋಯಿತು ಎಂದು ಒಳಗೊಳಗೇ ಹಿಗ್ಗಿದೆ.

ಹಳೆಯ ಕಾರುಗಳ ಸಾಮಾನಿನ ಅಂಗಡಿಗೆ ಹೋದೆ. ಗೋಡೆಯ ತುಂಬ ಚಕ್ರಗಳನ್ನು ತೂಗುಹಾಕಿದ್ದರು, ರಬ್ಬರಿನ ವಾಸನೆ ಮೂಗಿಗೆ ಅಡರುತ್ತಿತ್ತು. ಅಂಗಡಿಯವನು ಒಂದೇ ಉಸಿರಿಗೆ ಕೇಳತೊಡಗಿದ. "ಕಡ್ಡಿ ಅರವತ್ತರದೋ, ಎಪ್ಪತ್ತೆರಡರದೋ? ಬಣ್ಣ ಬಳಿದಿದ್ದೋ, ಕ್ರೋಮೋ? ಟೈರು ರೇಡಿಯಲ್ ಕೊಡ್ಲಾ, ಹಳೇ ಥರ ಅಡ್ಡ ನೇಯ್ಗೆದು ಕೊಡ್ಲಾ? ನಿಮ್ಮ ಕಾರಿನ ಅಳತೆ ಇಂಚಲ್ಲಿದೆ, ಇದು ಮಿಲಿಮೀಟರಲ್ಲಿದೆ, ಪರವಾಗಿಲ್ಲ ತಾನೆ?"

ನನಗೆ ತಲೆಬುಡ ತಿಳಿಯಲಿಲ್ಲ. ಅವನು ಎರಡು ಟೈರುಗಳನ್ನು ಎತ್ತಿ ಹಿಡಿದು, "ಇದು ಚೆನ್ನಾಗಿದ್ಯಾ, ಇದಾ?" ಎಂದ. ದಿನವಿಡೀ ಬೇರೆಯವರ ಕಣ್ಣ ಮುಂದೆ ಗಾಜು ಬದಲಿಸುತ್ತ ನಾನು ಕೇಳುವ ಪ್ರಶ್ನೆಯೇ ಅದು. ಅವರು ಯಾಕೆ ಬೆವರುತ್ತಾರೆಂದು ಅವತ್ತು ಗೊತ್ತಾಯಿತು. ಎರಡೂ ಕಪ್ಪಗಿದ್ದವು, ಎರಡೂ ಗುಂಡಗಿದ್ದವು.

"ರೇಡಿಯಲ್ ರಸ್ತೆ ಚೆನ್ನಾಗಿ ಹಿಡಿಯುತ್ತೆ," ಎಂದು ಅವನೇ ಕರುಣೆ ತೋರಿಸಿದ. ಸರಿ, ರೇಡಿಯಲ್ ಎಂದೆ. ಎಪ್ಪತ್ತೆರಡು ಕಡ್ಡಿ ಎಂದೆ, ಜಾಸ್ತಿ ಇದ್ದರೆ ಗಟ್ಟಿಯಿರಬೇಕಲ್ಲ. ಬೆಳ್ಳಿ ಬಣ್ಣದ್ದು ಎಂದೆ. ತಿಳಿದವನ ಹಾಗೆ ಕಾಣಿಸಿಕೊಳ್ಳಲು ನಾನಾಗಿಯೇ, "ಟ್ಯೂಬ್‌ಲೆಸ್ಸೇ ಇರಲಿ," ಎಂದು ಸೇರಿಸಿದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕಡ್ಡಿ ಚಕ್ರಕ್ಕೆ ಟ್ಯೂಬ್ ಬೇಕೇ ಬೇಕು ಸಾರ್. ಕಡ್ಡಿಗಳ ತುದಿ ರಿಮ್ಮನ್ನ ತೂತು ಮಾಡ್ಕೊಂಡು ಒಳಗೆ ಬಂದಿರುತ್ತೆ. ಗಾಳಿ ನಿಲ್ಲೋದು ಹೇಗೆ?"

ಟ್ಯೂಬ್ ಎಂಬ ಶಬ್ದ ಈ ಜನ್ಮದಲ್ಲಿ ನನ್ನ ಬೆನ್ನು ಬಿಡುವಂತಿರಲಿಲ್ಲ.

"ಕೊನೇದು. ಕಿವಿನಟ್ಟು ಎಡಗಡೇದೋ, ಬಲಗಡೇದೋ? ಎರಡೂ ಬೇರೆಬೇರೆ."

"ಸ್ಟೀರಿಂಗ್ ಕಡೇದು. ಬಲ," ಎಂದೆ, ಎದೆ ಸೆಟೆಸಿ. ಅವತ್ತು ನಾನು ಧೈರ್ಯವಾಗಿ ಉತ್ತರ ಕೊಟ್ಟದ್ದು ಅದೊಂದಕ್ಕೇ. ಬೇರೆಬೇರೆ ಯಾಕೆ ಎಂದು ಕೇಳಲು ಮಾತ್ರ ಹೊಳೆಯಲಿಲ್ಲ.

ಅಮ್ಮ ಹೊರಡುವ ಹಿಂದಿನ ದಿನ ಶೆಡ್ಡಿನಲ್ಲಿ ನಾನು, ಅಣ್ಣ, ಗ್ಯಾರೇಜಿನವನು ಮೂವರೂ ಸೇರಿದೆವು. ಅಣ್ಣನ ಎರಡು ಚಕ್ರ ಒಂದು ಗೋಡೆಗೆ ಒರಗಿದ್ದವು, ನನ್ನ ಎರಡು ಎದುರಿನ ಗೋಡೆಗೆ. ಅವನೂ ಬೆಳ್ಳಿ ಬಣ್ಣದ್ದನ್ನೇ ತಂದಿದ್ದ. ಟೈರು ಮಾತ್ರ ಹಳೇ ಥರದ್ದು, ಅಪ್ಪ ಹಾಕಿಸುತ್ತಿದ್ದಂಥದ್ದು. ಗ್ಯಾರೇಜಿನವನು ಹಳೆಯ ಚಕ್ರಗಳನ್ನೆಲ್ಲ ಬಿಚ್ಚಿ ಕಾರನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದ.

"ಬಲಗಡೆ ಯಾರ್ದು?" ಎಂದ.

"ನಂದು," ಎಂದೆವು ಇಬ್ಬರೂ.

ಅವನು ಒಮ್ಮೆ ಅಣ್ಣನನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. "ಬಲಗಡೆ ಇರೋದು ಎರಡೇ ಚಕ್ರ ಸ್ವಾಮಿ. ಹಾಗಾದ್ರೆ ಎಡಗಡೆ ಯಾರ್ದು? ನಂದಾ?"

ಅಣ್ಣ ಗ್ಯಾರೇಜಿನವನಿಗೆ ಹೇಳಿದ, "ಅವನಿಗೆ ಹೇಳಿ, ಅಮ್ಮ ಎದುರಿಗೆ ನಿಂತು ಹೇಳಿದ್ದು ಅಂತ." ನಾನೂ ಗ್ಯಾರೇಜಿನವನಿಗೇ ಹೇಳಿದೆ, "ಅವನಿಗೆ ಹೇಳಿ, ಕಾರಿಗೆ ತನ್ನದೇ ಎಡ ಬಲ ಇದೆ ಅಂತ." ಗ್ಯಾರೇಜಿನವನು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಟೈರುಗಳನ್ನು ಮುಟ್ಟಿ ನೋಡಿ ಹಣೆ ಚಚ್ಚಿಕೊಂಡ.

"ಒಂದು ರೇಡಿಯಲ್ಲು, ಒಂದು ಹಳೇದು! ಒಂದೇ ಅಚ್ಚಿಗೆ ಎರಡನ್ನೂ ಹಾಕಿದ್ರೆ ತಿರುವಿನಲ್ಲಿ ಕಾರು ಒಂದು ಕಡೆ, ನೀವೊಂದು ಕಡೆ. ಎಡ ಬಲ ಎಲ್ಲ ಮರೀರಿ. ದೊಡ್ಡೋರದು ಎರಡೂ ಮುಂದೆ, ಚಿಕ್ಕೋರದು ಎರಡೂ ಹಿಂದೆ. ರೇಡಿಯಲ್ ಹಿಂದೇನೇ ಇರ್ಬೇಕು, ಅದಲುಬದಲು ಮಾಡೋ ಹಾಗಿಲ್ಲ."

ಇಷ್ಟು ವರ್ಷ ಎಡ ಬಲ ಎಂದು ಹೊಡೆದಾಡಿದ ಮೇಲೆ ಮುಂದೆ ಹಿಂದೆ ಎಂದರೆ ಏನೆಂದು ಒಪ್ಪಿಕೊಳ್ಳುವುದು, ಏನೆಂದು ಜಗಳವಾಡುವುದು, ನನಗೆ ತೋಚಲಿಲ್ಲ. ಅಷ್ಟರಲ್ಲಿ ಬಲಗಡೆಯ ಎರಡು ಚಕ್ರ ಕೂತಾಗಿತ್ತು. ಆ ಕಡೆಯ ನಟ್ಟು ಎಲ್ಲ ನಟ್ಟುಗಳಿಗಿಂತ ಉಲ್ಟಾ ತಿರುಗಿ ಬಿಗಿಯಿತು. ಎಡಗಡೆಗೆ ಹೋದ. ಚಕ್ರಗಳು ಕೂತವು. ನಟ್ಟು ಕೂರಲಿಲ್ಲ. ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ, ಬೈದ, ಎಣ್ಣೆ ಬಿಟ್ಟ. ನಟ್ಟು ಗಿರಕಿ ಹೊಡೆಯುತ್ತಿತ್ತೇ ಹೊರತು ಹಬ್‌ನ ತಿರುಪಿಗೆ ಕಚ್ಚಲಿಲ್ಲ.

ನಾನು ಬಲಗಡೆಯ ನಟ್ಟನ್ನು ನೋಡಿದೆ, ಅವನ ಕೈಯಲ್ಲಿದ್ದುದನ್ನು ನೋಡಿದೆ. ಎರಡರ ಮೇಲೂ ಬಿಚ್ಚುವ ದಿಕ್ಕಿನ ಬಾಣ ಒಂದೇ ಕಡೆಗಿತ್ತು. ಅಣ್ಣ ತಂದದ್ದರಲ್ಲೂ ಹಾಗೇ. ನನ್ನ ತಲೆಯೊಳಗೆ ಮಿಣುಕಿತು, ಆರಿತು, ಮತ್ತೆ ಮಿಣುಕಿತು.

"ನಾಲ್ಕೂ ಬಲಗಡೇದೇ," ಎಂದೆ.

ಗ್ಯಾರೇಜಿನವನು ಸುತ್ತಿಗೆ ಕೆಳಗಿಟ್ಟ. "ಅದರ ತಿರುಪು ಉಲ್ಟಾ, ಈ ಕಡೆಗೆ ಕೂರಲ್ಲ. ಎಡಗಡೇದು ಯಾರೂ ತಂದಿಲ್ವಾ?"

"ನಾನು ಕೂರೋ ಕಡೆಗೆ ಯಾರೂ ಏನೂ ತಂದಿಲ್ವಾ?"

ಅಮ್ಮ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದಳೋ. ಮೆಲ್ಲಗೆ ಬಂದು ಎಡಗಡೆಯ ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟಳು. ಅಪ್ಪ ಓಡಿಸುತ್ತಿದ್ದಷ್ಟು ಕಾಲವೂ ಅವಳು ಕೂರುತ್ತಿದ್ದದ್ದು ಅಲ್ಲೇ. ಬಿಸಿಲಿಗೆ ಅಡ್ಡ ಇಳಿಸುವ ಹಲಗೆಯ ಸಂದಿಯಲ್ಲಿ ಅವಳ ಕೂದಲಿನ ಪಿನ್ನು ಇನ್ನೂ ಸಿಕ್ಕಿಕೊಂಡಿತ್ತು.

ನನ್ನ ಬಾಯಿಂದ ಬರಬಾರದ ಮಾತೇ ಬಂತು. "ಈಗಲಾದ್ರೂ ಹೇಳಮ್ಮ. ಅವತ್ತು ನೀನು ಹೇಳಿದ್ದು ಯಾವ ಎಡ?"

"ಯಾವ್ದೋ ಒಂದು. ನನಗೇನು ಗೊತ್ತು," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಒಬ್ಬನಿಗೆ ಅಪ್ಪನ ಜಾಗ, ಒಬ್ಬನಿಗೆ ನನ್ನ ಜಾಗ. ಯಾರಿಗೆ ಯಾವ್ದು ಬಂದ್ರೂ ಸಂತೋಷ ಪಡ್ತೀರಿ ಅನ್ಕೊಂಡಿದ್ದೆ. ನನ್ನ ಜಾಗ ಇಬ್ಬರಿಗೂ ಬೇಡವಾಯ್ತು, ಅಷ್ಟೆ."

ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಬರೀ ಸ್ಟೀರಿಂಗಿಗೆ ಹೊಡೆದಾಡಿದೆವು ಎಂದುಕೊಂಡಿದ್ದೆ, ಅಷ್ಟು ವರ್ಷ ಇವಳನ್ನು ಬೇಡ ಎನ್ನುತ್ತಿದ್ದೆವು ಎಂಬುದು ಹೊಳೆದೇ ಇರಲಿಲ್ಲ. ಅಣ್ಣ ಮೂಲೆಗೆ ಹೋಗಿ, ಬಿಚ್ಚಿ ಎಸೆದಿದ್ದ ಎಡಗಡೆಯ ಹಳೆಯ ನಟ್ಟುಗಳನ್ನು ಹುಡುಕಿದ. ಅಪ್ಪನ ಸುತ್ತಿಗೆ ಏಟಿಗೆ ಕಿವಿಗಳು ತಗ್ಗಾಗಿದ್ದವು, ಒಳಗಿನ ತಿರುಪು ಮಾತ್ರ ಚೆನ್ನಾಗಿತ್ತು. ಅವನು ಒಂದನ್ನು ಸೀಮೆಎಣ್ಣೆಯಲ್ಲಿ ಉಜ್ಜಿದ, ನಾನು ಇನ್ನೊಂದನ್ನು ಉಜ್ಜಿದೆ. ಗ್ಯಾರೇಜಿನವನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಸಾಕು, ಇನ್ನೊಂದು ತಲೆಮಾರು ಬರುತ್ತೆ," ಎಂದ.

ಹಿಂದಿನ ಚಕ್ರದ ನಟ್ಟನ್ನು ಬಿಗಿಯಲು ಸುತ್ತಿಗೆ ನನ್ನ ಕೈಗೆ ಬಂತು. ಮೇಲಿನ ಕಿವಿಗೆ ಗುರಿಯಿಟ್ಟು ಕೈ ಎತ್ತಿದೆ.

"ಆ ಕಡೆಗಲ್ವೋ ಟ್ಯೂಬ್‌ಲೈಟ್, ಬಿಚ್ಚೋಗುತ್ತೆ. ಹಿಂದಕ್ಕೆ ಹೊಡಿ, ಹಿಂದಕ್ಕೆ! ಎರಡೂ ಕಡೆ ಮೇಲಿನ ಕಿವಿ ಹಿಂದಕ್ಕೆ ಹೋದ್ರೇನೇ ಬಿಗಿ. ಅಪ್ಪ ಹೇಳಿಕೊಟ್ಟಿದ್ದು ಮರೆತೆಯಾ?"

ನಮ್ಮಣ್ಣ ನೇರವಾಗಿ ನನಗೇ ಹೇಳಿದ್ದ. ಬೈಗುಳ ಕೇಳಿ ಅಷ್ಟು ಖುಷಿಯಾದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಸುತ್ತಿಗೆ ಬೀಸಿದೆ. ಒಂದು ಏಟು ನಟ್ಟಿಗೆ ಬಿತ್ತು, ಇನ್ನೊಂದು ನನ್ನ ಮಂಡಿಗೇ ಬಿತ್ತು.

ಮರುದಿನ ಬೆಳಿಗ್ಗೆ ಅಮ್ಮ ಪೆಟ್ಟಿಗೆ ಹಿಡಿದು ಬಂದಾಗ ನಾವಿಬ್ಬರೂ ಎಡಗಡೆಯ ಬಾಗಿಲು ತೆರೆಯಲು ನುಗ್ಗಿ ಒಬ್ಬರ ಕಾಲು ಒಬ್ಬರು ತುಳಿದೆವು. ಸ್ಟೀರಿಂಗ್ ಕಡೆ ಯಾರೂ ಇರಲಿಲ್ಲ. "ನೀನು ಓಡಿಸು," ಎಂದೆ. "ಬೇಡ, ನೀನೇ ಓಡಿಸು," ಎಂದ. ಇನ್ನೊಂದು ಜಗಳಕ್ಕೆ ಅಷ್ಟು ಸಾಕಿತ್ತು.

"ಇಬ್ಬರೂ ಇಲ್ಲೇ ನಿಂತ್ರೆ ಗಾಡಿ ತಾನಾಗೇ ಹೋಗುತ್ತಾ?" ಎಂದಳು ಅಮ್ಮ, ತನ್ನ ಸೀಟಿನಲ್ಲಿ ಕೂತು ಸೆರಗು ಒಳಗೆಳೆದುಕೊಳ್ಳುತ್ತ. "ಹೋಗ್ತಾ ದೊಡ್ಡೋನು ಓಡಿಸ್ಲಿ. ಬರ್ತಾ ಚಿಕ್ಕೋನು."

ಸರಿ ಎಂದು ನಾನು ಅವಳ ಹಿಂದಿನ ಇಕ್ಕಟ್ಟಾದ ಸೀಟಿನಲ್ಲಿ ಮಂಡಿ ಮಡಚಿಕೊಂಡು ಕೂತೆ. ಕಾರು ಗೇಟು ದಾಟಿತು, ನಮ್ಮ ಬೀದಿ ದಾಟಿತು. ಮುಂದಿನ ಚಕ್ರಗಳು ಅಣ್ಣನವು, ಹಿಂದಿನವು ನನ್ನವು ಎಂದು ಲೆಕ್ಕ ಹಾಕುತ್ತಿದ್ದೆ. ಆಮೇಲೆ, ಅಮ್ಮನನ್ನು ಅಲ್ಲಿ ಬಿಟ್ಟು ಬರುವಾಗ ನಾನು ಓಡಿಸಬೇಕು, ಬಸ್ಸಿನಲ್ಲಷ್ಟೇ ಹೋಗಿದ್ದೆ, ದಾರಿ ಗೊತ್ತಿಲ್ಲವಲ್ಲ ಎಂದು ಚಿಂತೆಯಾಯಿತು.

"ಬರುವಾಗ ದಾರಿ ನೀನು ಹೇಳ್ಬೇಕಾಗುತ್ತೆ," ಎಂದು ಅಣ್ಣನಿಗೆ ಹೇಳಿದೆ.

"ಅವನ್ಯಾಕೆ? ನಾನು ಪಕ್ಕದಲ್ಲೇ ಇರ್ತೀನಲ್ಲ," ಎಂದಳು ಅಮ್ಮ. "ನಾನೇ ಹೇಳ್ತೀನಿ."

ಅವಳು ಹೇಳಿದ್ದು ನಮ್ಮ ಜೊತೆಗೇ ವಾಪಸ್ ಬರುವ ಮಾತು ಎಂದು ನನಗೆ ಹೊತ್ತಿಕೊಂಡದ್ದು ಊರು ದಾಟಿದ ಮೇಲೆ. ಹಿಂದಿನ ಸೀಟಿನಲ್ಲಿ ಒಬ್ಬನೇ ಅಳತೊಡಗಿದೆ. ಅಣ್ಣ ಕನ್ನಡಿಯಲ್ಲಿ ನೋಡಿ, "ಏನಾಯ್ತೋ?" ಎಂದ.

"ಈಗ ಅರ್ಥ ಆಯ್ತು ಅವನಿಗೆ," ಎಂದಳು ಅಮ್ಮ.